ಮಗಳು ಕಚ್ಚುತ್ತಿದ್ದ ದಿನಗಳು

ನನ್ನ ಎಡಗೈಯಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಹಲ್ಲಿನ ಗುರುತುಗಳಿವೆ. ಕೆಲವು ಮಾಸಿವೆ, ಕೆಲವು ಮಾಸುವ ಹಾಗೆ ಕಾಣುವುದಿಲ್ಲ. ನರಸಿಂಹರಾಜಪುರದ ತಾಲ್ಲೂಕು ಕಚೇರಿಗೆ ಬರುವವರಿಗೆ ಅರ್ಜಿ, ಅಫಿಡವಿಟ್ಟು, ಕ್ರಯಪತ್ರ ಬರೆದುಕೊಡುವ ಕೆಲಸ ನನ್ನದು. ಕಂಪ್ಯೂಟರಿನ ಮುಂದೆ ಕೈಯಿಟ್ಟರೆ ಎದುರಿಗೆ ಕೂತವರ ಕಣ್ಣು ಅಲ್ಲಿಗೇ ಹೋಗುತ್ತದೆ. ಹಾಗಾಗಿ ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ಹಾಕುವುದು ಅಭ್ಯಾಸವಾಗಿದೆ. ಯಾರಾದರೂ "ನಾಯಿ ಕಚ್ಚಿತ್ತಾ?" ಎಂದು ಕೇಳಿದರೆ ಮೊದಮೊದಲು ಹೌದು ಎಂದುಬಿಡುತ್ತಿದ್ದೆ. ಮಗಳು ಕಚ್ಚಿದ್ದು ಎಂದು ಹೇಳಲು ನನಗೆ ಬಹಳ ವರ್ಷ ಹಿಡಿಯಿತು.

ಅವಳಿಗೆ ಈಗ ಇಪ್ಪತ್ತನಾಲ್ಕು. ಆಟಿಸಂ ಇದೆ, ಬುದ್ಧಿ ಬೆಳವಣಿಗೆಯೂ ಕಡಿಮೆ ಎಂದು ಅವಳ ನಾಲ್ಕನೇ ವರ್ಷದಲ್ಲಿ ಡಾಕ್ಟರು ಹೇಳಿದ್ದರು. ಅವಳ ಬಾಯಲ್ಲಿರುವುದು ಎಂಟೋ ಹತ್ತೋ ಮಾತು. ಅವೂ ಹೆಚ್ಚಿನವು ನಮ್ಮ ಮಾತುಗಳೇ, ತಿರುಗಿ ಬಂದಂಥವು. ಹಸಿವಾದರೆ "ಊಟ ಆಯ್ತಾ?" ಎಂದು ನನ್ನನ್ನೇ ಕೇಳುತ್ತಾಳೆ. ಹೊರಗೆ ಹೋಗಬೇಕೆನಿಸಿದರೆ "ಬಂದೇ ಬಂದೇ" ಎನ್ನುತ್ತಾಳೆ. ಬಟ್ಟೆ ಮಡಚುವುದರಲ್ಲಿ ಅವಳಷ್ಟು ಅಚ್ಚುಕಟ್ಟು ಯಾರೂ ಇಲ್ಲ. ನನ್ನ ಪಂಚೆಯ ನಾಲ್ಕು ಮೂಲೆ ಕೂಡದಿದ್ದರೆ ಬಿಡಿಸಿ ಮತ್ತೆ ಮಡಚುತ್ತಾಳೆ, ಕೂಡುವವರೆಗೆ.

ಅವಳಿಗೆ ಹದಿನೈದು ತುಂಬಿದ ವರ್ಷ ನನ್ನ ಹೆಂಡತಿ ತೀರಿಕೊಂಡಳು. ಜ್ವರವೆಂದು ಮಲಗಿದವಳು ಹನ್ನೊಂದನೇ ದಿನಕ್ಕೆ ಇರಲಿಲ್ಲ. ಮಗಳು ಅಳಲಿಲ್ಲ. ಅಮ್ಮನ ಸೀರೆಗಳನ್ನೆಲ್ಲ ಬೀರುವಿನಿಂದ ತೆಗೆದು ಒಂದೊಂದಾಗಿ ಬಿಡಿಸಿ ಮತ್ತೆ ಮಡಚಿಟ್ಟಳು. ನೋಡಲು ಬಂದಿದ್ದವರು, "ಪಾಪ, ಅವಳಿಗೆಂತ ಗೊತ್ತಾಗ್ತದೆ" ಎಂದರು. ನಾನೂ ಹಾಗೆಯೇ ಅಂದುಕೊಂಡೆ. ನಾನು ಮಾಡಿದ ತಪ್ಪುಗಳಿಗೆಲ್ಲ ಅಲ್ಲಿಂದಲೇ ಶುರುವೆನ್ನಬೇಕು.

ಆಮೇಲಿನ ಮೂರು ವರ್ಷ ನಮ್ಮನ್ನು ನಡೆಸಿದವರು ಪಕ್ಕದ ಮನೆಯ ಅಕ್ಕ. ಅವರ ಗಂಡ ತೀರಿಹೋಗಿದ್ದರು, ಮಕ್ಕಳು ದೂರದಲ್ಲಿದ್ದರು. ಬೆಳಿಗ್ಗೆ ಬಂದು ಮಗಳಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ನಾನು ಕೆಲಸದಿಂದ ಬರುವವರೆಗೆ ತಮ್ಮ ಮನೆಯಲ್ಲಿ ಕೂರಿಸಿಕೊಳ್ಳುತ್ತಿದ್ದರು. ಮುಟ್ಟಿನ ದಿನಗಳನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಮೊಣಕಾಲು ನೋವು ಹೆಚ್ಚಾಗಿ ಅವರು ತಮ್ಮ ಮಗಳ ಮನೆಗೆಂದು ಹಾಸನಕ್ಕೆ ಹೊರಟ ದಿನ ನನ್ನನ್ನು ಅಡುಗೆಮನೆಗೆ ಕರೆದರು. ಮುಖ ನೋಡದೆ, ಪ್ಯಾಡನ್ನು ಹೇಗೆ ಇಡುವುದು, ಎಷ್ಟು ಹೊತ್ತಿಗೆ ಬದಲಾಯಿಸುವುದು, ಎಂಥ ಚಡ್ಡಿ ತರುವುದು ಎಲ್ಲ ಹೇಳಿದರು. ಕೊನೆಗೆ, "ನೀವು ಅಪ್ಪ ಹೌದು. ಆದ್ರೆ ಈಗ ಬೇರೆ ಯಾರೂ ಇಲ್ಲವಲ್ಲ. ನಾಚಿಕೆ ಇಟ್ಕೊಂಡ್ರೆ ಅವಳಿಗೇ ಕಷ್ಟ" ಎಂದರು. ನಾನು ಗೋಡೆಯ ಕಡೆ ನೋಡಿಕೊಂಡು ತಲೆಯಾಡಿಸಿದೆ.

ಮಾಡಿದೆ. ಮೊದಲ ಸಲ ಎರಡು ಪ್ಯಾಡು ಹಾಳುಮಾಡಿದೆ. ಮೂರನೇ ತಿಂಗಳಿಗೆ ಅಭ್ಯಾಸವಾಯಿತು. ಮೆಡಿಕಲ್ ಶಾಪಿನಲ್ಲಿ ಪ್ಯಾಡು ಕೇಳುವಾಗ ಮಾತ್ರ ಇತರ ಗಿರಾಕಿಗಳೆಲ್ಲ ಹೋಗುವವರೆಗೆ ಕಾದು ನಿಲ್ಲುತ್ತಿದ್ದೆ.

ಅವಳು ಕಚ್ಚಲು ಶುರುಮಾಡಿದ್ದು ಅದೇ ವರ್ಷ. ಮೊದಲು ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಿದ್ದಳು, ಹೆಬ್ಬೆರಳಿನ ಬುಡದಲ್ಲಿ. ಅಲ್ಲಿ ಚರ್ಮ ಗಟ್ಟಿಯಾಗಿ ಕಪ್ಪಾಯಿತು. ಬಿಡಿಸಲು ಹೋದರೆ ನನ್ನ ಕೈ ಸಿಗುತ್ತಿತ್ತು. ತಲೆಯನ್ನು ಗೋಡೆಗೆ ಜಪ್ಪುವುದು, ಬಟ್ಟೆ ಕಿತ್ತೆಸೆಯುವುದು, ಹತ್ತಿರ ಬಂದವರ ಜುಟ್ಟು ಹಿಡಿಯುವುದು, ಇವೆಲ್ಲ ಒಂದೊಂದಾಗಿ ಸೇರಿಕೊಂಡವು. ಕೆಲವು ದಿನ ಎರಡು ಮೂರು ಸಲ. ಮತ್ತೆ ವಾರಗಟ್ಟಲೆ ಏನೂ ಇಲ್ಲ. ಆ ಸುಮ್ಮನಿದ್ದ ವಾರಗಳಲ್ಲಿ ಎಲ್ಲ ಸರಿಹೋಯಿತೆಂದು ನಂಬುತ್ತಿದ್ದೆ.

ಒಂದು ಉಪನಯನಕ್ಕೆಂದು ಶೃಂಗೇರಿಗೆ ಹೋಗಿದ್ದೆವು. ತಮ್ಮನ ಹೆಂಡತಿಯ ಕಡೆಯವರ ಮನೆಯದು. ತಮ್ಮನಿಗೆ ಕೊಪ್ಪದ ಹತ್ತಿರ ಜಮೀನಿದೆ, ನಮ್ಮ ಕುಟುಂಬದಲ್ಲಿ ಎಲ್ಲರನ್ನೂ ಸೇರಿಸುವವನು ಅವನೇ. "ಕರ್ಕೊಂಡೇ ಬಾ ಅಣ್ಣ, ಎಲ್ಲರೂ ನಮ್ಮವರೇ" ಎಂದು ಫೋನಿನಲ್ಲಿ ಎರಡು ಸಲ ಹೇಳಿದ್ದ. ಹೊಸ ಚೂಡಿದಾರ ಹಾಕಿಸಿ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿಕೊಂಡು ಹೋದೆ. ದಾರಿಯುದ್ದಕ್ಕೂ ಅವಳು ಸುಮ್ಮನೆ ಹೊಟ್ಟೆ ಒತ್ತಿಕೊಂಡು ಬಗ್ಗಿ ಕೂತಿದ್ದಳು. ಬಸ್ಸು ಆಗುವುದಿಲ್ಲವೇನೋ ಅಂದುಕೊಂಡೆ.

ಛತ್ರದಲ್ಲಿ ಡೋಲು, ನಾಗಸ್ವರ, ಜನ. ಕೂತು ಅರ್ಧ ಗಂಟೆಯೂ ಆಗಿರಲಿಲ್ಲ. ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬರು ತಿರುಗಿ ಇವಳ ಕೆನ್ನೆ ಮುಟ್ಟಿ, "ಎಂತ ಕೂಸೇ, ಆಸರಿಂಗೆ ಬೇಕಾ?" ಎಂದರು. ಕುಡಿಯಲು ಏನಾದರೂ ಬೇಕಾ ಎಂದು ಕೇಳಿದ್ದು ಅಷ್ಟೇ. ಮಗಳು ಎರಡೂ ಕೈಯಲ್ಲಿ ಅವರ ಜುಟ್ಟು ಹಿಡಿದಳು. ಮಲ್ಲಿಗೆ ದಂಡೆ ಹರಿದು ನೆಲಕ್ಕೆ ಬಿತ್ತು. ನಾನು ಒಂದೊಂದೇ ಬೆರಳು ಬಿಡಿಸುವಾಗ ಮೇಳದವರು ಬಾರಿಸುವುದನ್ನು ನಿಲ್ಲಿಸಿದರು. ಆ ಹೆಂಗಸಿನ ಕಣ್ಣಲ್ಲಿ ನೀರಿತ್ತು. ಯಾರೋ "ಇಂಥವರನ್ನ ಎಂತಕ್ಕೆ ಕರ್ಕೊಂಡು ಬರೂದು" ಎಂದರು. ತಗ್ಗಿದ ದನಿಯೇ ಆದರೂ ಛತ್ರ ಆಗ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಅದು ಎಲ್ಲರಿಗೂ ಕೇಳಿಸಿತು.

ಊಟ ಮಾಡದೆ ಹೊರಟೆವು. ಬಸ್‌ಸ್ಟ್ಯಾಂಡಿನವರೆಗೆ ತಮ್ಮ ಜೊತೆಗೆ ಬಂದ. ಬಸ್ಸು ಹೊರಡುವ ಮೊದಲು ಕಿಟಕಿಯ ಹತ್ತಿರ ನಿಂತು, "ಬೇಜಾರು ಮಾಡ್ಕೊಬೇಡ ಮಾರಾಯ. ಮುಂದಿನ ಸಲ ನೀನೊಬ್ಬನೇ ಬಾ" ಎಂದ.

"ಇವಳನ್ನ ಎಲ್ಲಿ ಬಿಡ್ಲಿ?"

ಅವನು ಕಿಟಕಿಯಿಂದ ಹಿಂದೆ ಸರಿದು ನಿಂತ. ಕೆಟ್ಟವನಲ್ಲ ಅವನು. ಆಮೇಲೆ ಕರೆಯೋಲೆಗಳು ವಾಟ್ಸಾಪಿನಲ್ಲಿ ಮಾತ್ರ ಬಂದವು. ನಾನು ಕೈಮುಗಿದ ಚಿತ್ರ ಕಳಿಸುತ್ತಿದ್ದೆ. ಎರಡು ಕಡೆಯವರಿಗೂ ಅದು ಸುಲಭವಾಯಿತು.

ಕೆಲಸಕ್ಕೆ ಹೋಗುವಾಗ ಮೊದಲು ಅವಳನ್ನು ಜೊತೆಗೆ ಕರೆದೊಯ್ದೆ. ಒಂದು ದಿನ ಒಬ್ಬ ರೈತರ ಹಳೆಯ ಪಹಣಿ ಪತ್ರ ಹರಿದಳು. ನಾನು ಕೂರುತ್ತಿದ್ದ ಮಳಿಗೆಯ ಯಜಮಾನರು, "ಇಲ್ಲಿ ಬೇಡ, ದಯವಿಟ್ಟು" ಎಂದರು. ಹಾಗಾಗಿ ಮನೆಯಲ್ಲೇ ಬಿಟ್ಟು ಚಿಲಕ ಹಾಕಿ ಹೋಗತೊಡಗಿದೆ. ಹೌದು, ಮಗಳನ್ನು ಒಳಗಿಟ್ಟು ಹೊರಗಿನಿಂದ ಚಿಲಕ ಹಾಕುತ್ತಿದ್ದೆ. ಬೆಳಿಗ್ಗೆ ಎರಡು ಗಂಟೆ ಹೊತ್ತು, ಮಧ್ಯಾಹ್ನ ಎರಡು ಗಂಟೆ ಹೊತ್ತು. ಬೇರೆಯವರು ಹೀಗೆ ಮಾಡಿದ್ದರೆ ಅವರ ಮೇಲೆ ದೂರು ಬರೆದುಕೊಡುತ್ತಿದ್ದೆನೋ ಏನೋ. ಊರವರ ಕಷ್ಟವನ್ನೆಲ್ಲ 'ಮಾನ್ಯರೇ' ಎಂದು ಶುರುಮಾಡಿ ಒಂದು ಹಾಳೆಯಲ್ಲಿ ಹೇಳಿ ಮುಗಿಸುತ್ತಿದ್ದವನಿಗೆ ನನ್ನದನ್ನು ಯಾರ ಹೆಸರಿಗೆ ಬರೆಯಬೇಕೆಂದು ತಿಳಿಯಲಿಲ್ಲ.

ದೊಡ್ಡ ಊರಿನ ಡಾಕ್ಟರೊಬ್ಬರಿಗೆ ತೋರಿಸಿದೆ. ಅವರು ಮಾತ್ರೆ ಕೊಟ್ಟರು. ಕಡಿಮೆಯಾಗದಿದ್ದಾಗ ಹೆಚ್ಚಿಸಿದರು. ಮಗಳು ಮಧ್ಯಾಹ್ನವೆಲ್ಲ ಜೊಲ್ಲು ಸುರಿಸಿಕೊಂಡು ಮಲಗಿರುತ್ತಿದ್ದಳು. ಬಟ್ಟೆ ಮಡಚುವುದು ನಿಂತಿತು. ಕಚ್ಚುವುದು ನಿಲ್ಲಲಿಲ್ಲ.

ಆ ದಿನಗಳಲ್ಲೇ ಒಂದು ಸಂಜೆ ನಾನು ಅವಳಿಗೆ ಹೊಡೆದೆ. ಹೊಸದಾಗಿ ಬಡಿಸಿದ ಅನ್ನವನ್ನು ಗೋಡೆಗೆ ಎಸೆದಿದ್ದಳು, ನನ್ನ ಭುಜ ಕಚ್ಚಿದ್ದಳು. ಬಲಗೆನ್ನೆಗೆ ಒಂದು ಏಟು, ಜೋರಾಗಿಯೇ. ಅವಳು ಅಳಲಿಲ್ಲ. ನನ್ನ ಮುಖವನ್ನು ಒಮ್ಮೆ ನೋಡಿದಳು. ಅವಳು ನೇರವಾಗಿ ಮುಖ ನೋಡುವುದೇ ಅಪರೂಪ. ಆಮೇಲೆ ತನ್ನ ಬಲಗೈ ಎತ್ತಿ ಅದೇ ಕೆನ್ನೆಗೆ ತಾನೇ ಹೊಡೆದುಕೊಂಡಳು. ಮತ್ತೆ ಮತ್ತೆ. ಅಲ್ಲಿಂದ ತಿಂಗಳುಗಟ್ಟಲೆ ಸಂಕಟವಾದಾಗಲೆಲ್ಲ ಬಲಗೆನ್ನೆಗೆ ಹೊಡೆದುಕೊಳ್ಳುತ್ತಿದ್ದಳು. ಅಷ್ಟು ವರ್ಷ ಏನೇ ಹೇಳಿಕೊಟ್ಟರೂ ಕಲಿಯದವಳು ಅದನ್ನು ಒಂದೇ ಸಲಕ್ಕೆ ಕಲಿತಿದ್ದಳು. ಕಲಿಸಿದವನು ನಾನು.

ನಮ್ಮ ಬೀದಿಗೆ ಒಂದು ವಾಟ್ಸಾಪ್ ಗುಂಪಿದೆ. ನೀರು ಬರುವ ಹೊತ್ತು, ಕರೆಂಟು ಹೋಗುವ ಹೊತ್ತು ಅದರಲ್ಲಿ ಬರುತ್ತದೆ. ಒಂದು ದಿನ ಅದರಲ್ಲಿ ಒಂದು ವಿಡಿಯೋ ಬಂತು. ಯಾರದೋ ಮಹಡಿಯಿಂದ ತೆಗೆದದ್ದು. ನಮ್ಮ ಮನೆಯ ಮುಚ್ಚಿದ ಬಾಗಿಲು, ಒಳಗಿನಿಂದ ಅವಳ ಕೂಗು, ಬಾಗಿಲಿಗೆ ಜಪ್ಪುವ ಸದ್ದು. ಮೆಟ್ಟಿಲ ಮೇಲೆ ಒಬ್ಬ ನರೆಗೂದಲಿನ ಮನುಷ್ಯ ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದಾನೆ. ಅವನು ನಾನು ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಕೆಳಗೆ, "ಮಕ್ಕಳಿರುವ ಬೀದಿ ಇದು. ಏನಾದರೂ ವ್ಯವಸ್ಥೆ ಮಾಡಲು ಅವರಿಗೆ ಹೇಳಿ" ಎಂದು ಬರೆದಿತ್ತು. ನಾನು ಆ ಗುಂಪಿನಲ್ಲಿದ್ದೇನೆಂದು ಬರೆದವರು ಮರೆತಿರಬೇಕು. ಸ್ವಲ್ಪ ಹೊತ್ತಿಗೆ ಅಳಿಸಿದರು. ಯಾರೂ ಬಂದು ಮಾತಾಡಲಿಲ್ಲ. ನಾನೂ ಯಾರನ್ನೂ ಕೇಳಲಿಲ್ಲ. ಮರುದಿನದಿಂದ ಕಂಪ್ಯೂಟರು, ಪ್ರಿಂಟರು ಎರಡನ್ನೂ ಮನೆಯ ಜಗಲಿಗೆ ತಂದಿಟ್ಟುಕೊಂಡೆ. ಗಿರಾಕಿಗಳಲ್ಲಿ ಅರ್ಧದಷ್ಟು ಜನ ಬರುವುದು ನಿಲ್ಲಿಸಿದರು. ಉಳಿದವರು ಬಾಗಿಲ ಹೊರಗೇ ನಿಂತು ಕೆಲಸ ಮುಗಿಸಿಕೊಂಡು ಹೋಗುತ್ತಿದ್ದರು. ಕೆಲವು ದಿನ ನಾನು ಆಡಿದ ಮಾತೆಂದರೆ ಅವಳಿಗೆ ಹೇಳಿದ್ದು ಮಾತ್ರ. ಅವು ಅವಳ ಬಾಯಿಂದ ನನಗೇ ತಿರುಗಿ ಬರುತ್ತಿದ್ದವು.

ಮಗಳ ಗುರುತಿನ ಚೀಟಿ ಹೊಸದು ಮಾಡಿಸಬೇಕಿತ್ತು. ಕೊಪ್ಪದಲ್ಲಿ ಅಂಗವಿಕಲರ ತಪಾಸಣಾ ಶಿಬಿರವೆಂದು ತಿಳಿದು ಕರೆದುಕೊಂಡು ಹೋದೆ. ಅಲ್ಲಿ ಉದ್ದನೆಯ ಬೆಂಚಿನ ಮೇಲೆ ನಮ್ಮ ಪಕ್ಕ ಬಾಳೆಹೊನ್ನೂರಿನ ಒಬ್ಬ ಹೆಂಗಸು ಕೂತಿದ್ದರು. ಐವತ್ತು ದಾಟಿದವರು, ಹಣೆಯಲ್ಲಿ ವಿಭೂತಿ. ಜೊತೆಗೆ ಅವರ ತಮ್ಮ, ನಲವತ್ತರ ದೊಡ್ಡ ಆಳು, ಕುತ್ತಿಗೆಗೆ ಟವೆಲು ಸುತ್ತಿಕೊಂಡು ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದ. ಮಗಳು ನನ್ನ ಕೈ ಕಚ್ಚಿದಾಗ ಅವರು ಎದ್ದು ದೂರ ಹೋಗಲಿಲ್ಲ. ನನ್ನ ತೋಳು ನೋಡಿ, "ಹೊಸದಾ, ಹಳೇದಾ?" ಎಂದು ಕೇಳಿದರು.

"ಎರಡೂ ಉಂಟು" ಎಂದೆ.

"ಯಾವಾಗ್ ಕಚ್ತಾಳೆ?"

"ಯಾವಾಗ ಅಂತಿಲ್ಲ. ಸುಮ್ಮನೆ."

"ಸುಮ್ಮನೆ ಯಾರೂ ಕಚ್ಚಲ್ಲ ಸ್ವಾಮಿ. ಇವ ಒಂದು ವರ್ಷ ನನಗೆ ಹೊಡೆದ. ದೆವ್ವ ಅಂದ್ರು, ತಾಯತ ಕಟ್ಟಿಸಿದ್ವಿ. ಕಡೆಗೆ ನೋಡಿದ್ರೆ ದವಡೆ ಹಲ್ಲು ಹುಳುಕಾಗಿ ಕೀವಾಗಿತ್ತು. ಹಲ್ಲು ತೆಗೆಸಿದ ಮೇಲೆ ಹೊಡೆಯೋದು ಮುಕ್ಕಾಲು ಬಿಟ್ಟ. ಒಂದು ವರ್ಷ ಅವ ನನಗೆ ಹೇಳ್ತಿದ್ದದ್ದು ಅದನ್ನೇ." ಆಮೇಲೆ, "ನೀವು ಬರೆದಿಡ್ತೀರಾ? ಯಾವ ದಿನ, ಎಷ್ಟೊತ್ತಿಗೆ, ಮುಂಚೆ ಎಂತ ಆಗಿತ್ತು ಅಂತ?" ಎಂದರು.

ನಾನು ಬರೆಯುವುದನ್ನೇ ಕೆಲಸ ಮಾಡಿಕೊಂಡವನು. ಇಲ್ಲ ಎಂದು ತಲೆಯಾಡಿಸಿದೆ.

ಮರುದಿನ ಒಂದು ನೋಟ್‌ಪುಸ್ತಕ ತೆಗೆದುಕೊಂಡು ಶುರುಮಾಡಿದೆ. ಊಟ, ನಿದ್ರೆ, ಸದ್ದು, ಬಂದುಹೋದವರು, ಕಚ್ಚಿದ್ದು, ಜಪ್ಪಿದ್ದು. ಒಂದು ತಿಂಗಳು ಏನೂ ಹೊಳೆಯಲಿಲ್ಲ. ಎರಡನೇ ತಿಂಗಳಿನಿಂದ ಮುಟ್ಟು ಶುರುವಾದ ದಿನವನ್ನೂ ಸುಮ್ಮನೆ ಬರೆದಿಟ್ಟೆ. ಮೂರನೇ ತಿಂಗಳು ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಮುಟ್ಟಾಗುವ ಹಿಂದಿನ ಎರಡು ದಿನ, ಮುಟ್ಟಾದ ಮೊದಲ ದಿನ. ಜೋರಾಗಿ ನಡೆದದ್ದೆಲ್ಲ ಹೆಚ್ಚುಕಡಿಮೆ ಆ ಮೂರು ದಿನಗಳಲ್ಲೇ ಇತ್ತು. ಶೃಂಗೇರಿಯ ದಿನ ನೆನಪಾಯಿತು. ಬಸ್ಸಿನಲ್ಲಿ ಹೊಟ್ಟೆ ಒತ್ತಿಕೊಂಡು ಬಗ್ಗಿ ಕೂತಿದ್ದಳು. ಮನೆಗೆ ಬಂದ ಮೇಲೆ ಹೊಸ ಚೂಡಿದಾರದಲ್ಲಿ ಕಲೆ ಇತ್ತು.

ಆಗ ಹೆಂಡತಿಯ ಒಂದು ಮಾತೂ ನೆನಪಿಗೆ ಬಂತು. ತಿಂಗಳಲ್ಲಿ ಒಂದೆರಡು ದಿನ, "ಇವತ್ತು ಅವಳಿಗೆ ಹುಷಾರಿಲ್ಲ, ನೀವು ಹೋಗಿ" ಎನ್ನುತ್ತಿದ್ದಳು. ಜೀರಿಗೆ ಕಷಾಯ ಕುದಿಯುವ ವಾಸನೆ ಬರುತ್ತಿತ್ತು. ಮಗಳ ಪಕ್ಕ ಮಲಗಿ ಬೆನ್ನು ನೀವುತ್ತಿದ್ದುದನ್ನು ಬಾಗಿಲಿನಿಂದ ನೋಡಿದ್ದೂ ಉಂಟು. ಏನಾಗಿದೆ ಎಂದು ಒಂದು ದಿನವೂ ಕೇಳಿರಲಿಲ್ಲ. ಅದು ಹೆಂಗಸರ ವಿಷಯ ಎಂದು ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಿದ್ದೆ. ಪಕ್ಕದ ಮನೆಯ ಅಕ್ಕನಿಗೂ ಗೊತ್ತಿತ್ತೇನೋ. ಗೊತ್ತಿಲ್ಲದವನು ನಾನೊಬ್ಬ. ರಕ್ತ ಒರೆಸುವುದನ್ನು ಕಲಿತಿದ್ದೆ. ಅದರ ಜೊತೆಗೆ ನೋವೂ ಇರುತ್ತದೆಂದು ನನ್ನ ತಲೆಗೆ ಬಂದಿರಲೇ ಇಲ್ಲ.

ನೋಟ್‌ಪುಸ್ತಕ ಹಿಡಿದು ಕೊಪ್ಪದ ಒಬ್ಬ ಲೇಡಿ ಡಾಕ್ಟರ ಹತ್ತಿರ ಹೋದೆ. ಅವರು ಹಾಳೆಗಳನ್ನೆಲ್ಲ ನಿಧಾನವಾಗಿ ಓದಿದರು. ಮಗಳನ್ನು ಮಲಗಿಸಿ ಹೊಟ್ಟೆ ಒತ್ತಿ ನೋಡಿದರು, ಸ್ಕ್ಯಾನ್ ಮಾಡಿಸಿದರು. "ನೋವು ತುಂಬಾ ಇರ್ತದೆ ಇವಳಿಗೆ. ನಮಗಾದ್ರೆ ಬಾಯಿದೆ, ಹೇಳ್ತೀವಿ" ಎಂದರು. ನೋವಿಗೆ ಮಾತ್ರೆ ಬರೆದರು, ಬಿಸಿನೀರಿನ ಚೀಲ ಇಡಲು ಹೇಳಿದರು. ಮೊದಲಿನಿಂದ ಕೊಡುತ್ತಿದ್ದ ಮಾತ್ರೆಯನ್ನು ಹಳೆಯ ಡಾಕ್ಟರ ಹತ್ತಿರ ಮಾತಾಡಿಯೇ ಇಳಿಸಬೇಕು, ನಾನಾಗಿ ನಿಲ್ಲಿಸಬಾರದು ಎಂದು ಎರಡು ಸಲ ಎಚ್ಚರಿಸಿದರು. ಹೊರಡುವಾಗ, "ನೀವೇ ನೋಡ್ಕೊಳ್ಳೋದಾ ಎಲ್ಲ?" ಎಂದು ಕೇಳಿದರು. ಹೌದೆಂದೆ. ಅವರು ನನ್ನ ತೋಳಿನ ಗಾಯಕ್ಕೂ ಒಂದು ಮುಲಾಮು ಬರೆದುಕೊಟ್ಟರು.

ಎಲ್ಲ ನಿಂತುಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಪಟಾಕಿ ಸದ್ದಾದರೆ, ಬಸ್ಸು ತಡವಾದರೆ, ಅನ್ನ ಬಿಸಿಯಾಗಿದ್ದರೆ ಈಗಲೂ ಕೈ ಕಚ್ಚಿಕೊಳ್ಳುತ್ತಾಳೆ. ಆದರೆ ಆ ಮೂರು ದಿನಗಳು ಮೊದಲಿನ ಹಾಗಿಲ್ಲ. ಐದಾರು ತಿಂಗಳ ಮೇಲೆ ಒಂದು ಬೆಳಿಗ್ಗೆ ನಾನು ಯಾರದೋ ವಂಶವೃಕ್ಷದ ಅರ್ಜಿ ಟೈಪು ಮಾಡುತ್ತಿದ್ದೆ. ಅವಳು ಒಳಗಿನಿಂದ ಬಂದು ಖಾಲಿ ಬಿಸಿನೀರಿನ ಚೀಲವನ್ನು ಕೀಬೋರ್ಡಿನ ಮೇಲೆ ಇಟ್ಟಳು. "ಹುಷಾರಿಲ್ಲ" ಎಂದಳು. ಅದು ಅವಳ ಅಮ್ಮನ ಮಾತು. ಇಷ್ಟು ವರ್ಷ ಎಲ್ಲಿ ಇಟ್ಟುಕೊಂಡಿದ್ದಳೋ. ನಾನು ಎದ್ದು ನೀರು ಕಾಯಿಸಲು ಇಟ್ಟೆ. ಒಲೆಯ ಮುಂದೆ ನಿಂತು ಅತ್ತೆ.

ಆ ಸಂತೋಷವನ್ನು ಹೇಳಿಕೊಳ್ಳಲು ತಮ್ಮನಿಗೆ ಫೋನು ಮಾಡಿದೆ. ನೋವಿನಿಂದ ಹಾಗೆ ಮಾಡುತ್ತಿದ್ದಳು, ಈಗ ಗೊತ್ತಾಗಿದೆ, ದಿನ ನೋಡಿಕೊಂಡು ಬಂದರೆ ತೊಂದರೆಯಿಲ್ಲ ಎಂದೆ. ಅವನು, "ಒಳ್ಳೇದಾಯ್ತು ಅಣ್ಣ" ಎಂದ. ಆಮೇಲೆ, "ಮನೇಲಿ ಹೇಳ್ತೆ. ನೋಡನ" ಎಂದ. ಮುಂದಿನ ಪೂಜೆಯ ಕರೆಯೋಲೆಯೂ ವಾಟ್ಸಾಪಿನಲ್ಲೇ ಬಂತು. ಬೀದಿಯವರಿಗೂ ಹೇಳಬೇಕೆನಿಸಿತ್ತು. ಯಾರಿಗೆ, ಎಲ್ಲಿಂದ ಶುರುಮಾಡುವುದು? ಗಂಡಸೊಬ್ಬ ಮಗಳ ಮುಟ್ಟಿನ ನೋವಿನ ಬಗ್ಗೆ ಬೀದಿಯಲ್ಲಿ ನಿಂತು ಮಾತಾಡುವುದು ಹೇಗೆ? ಅವಳ ಕೂಗನ್ನು ಎಲ್ಲರೂ ಕೇಳಿದ್ದರು. ಕಾರಣವನ್ನು ಯಾರೂ ಕೇಳಲಿಲ್ಲ.

ಬಾಳೆಹೊನ್ನೂರಿನವರ ಜೊತೆ ಮಾತ್ರ ಭಾನುವಾರಗಳಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದೆ. ನಮ್ಮ ಮಾತು ಹೆಚ್ಚೇನಿರಲಿಲ್ಲ. "ಈ ವಾರ ಹೇಗೆ?" "ಎರಡು ಸಲ." "ನಮ್ಮವ ಒಂದು ಸಲ." ಹೋದ ವರ್ಷ ಎರಡು ಭಾನುವಾರ ಅವರು ಫೋನು ಎತ್ತಲಿಲ್ಲ. ಮೂರನೆಯದಕ್ಕೆ ಅವರೇ ಮಾಡಿದರು. ಅವರ ತಮ್ಮ ತೀರಿಕೊಂಡನಂತೆ. ಬೆಳಿಗ್ಗೆ ಚಹಾ ಕುಡಿದು ಟವೆಲು ಸುತ್ತಿಕೊಂಡು ಕೂತವನು ಹಾಗೇ ಒರಗಿದನಂತೆ. "ಎಲ್ಲರೂ ನಿನಗೆ ಬಿಡುಗಡೆ ಆಯ್ತು ಅಂತಾರೆ. ಬೆಳಿಗ್ಗೆ ಎದ್ದ ಮೇಲೆ ಎಂತ ಮಾಡೋದು ಅಂತ್ಲೇ ಗೊತ್ತಾಗಲ್ಲ ಸ್ವಾಮಿ" ಎಂದರು.

ನೋಟ್‌ಪುಸ್ತಕ ನೋಡಿ, ಒಳ್ಳೆಯ ದಿನ ಆರಿಸಿ, ಮಗಳನ್ನು ಕರೆದುಕೊಂಡು ಬಾಳೆಹೊನ್ನೂರಿಗೆ ಹೋದೆ. ಎಷ್ಟೋ ವರ್ಷಗಳ ಮೇಲೆ ನಾವಿಬ್ಬರೂ ಒಬ್ಬರ ಮನೆಗೆ ಹೋದದ್ದು. ಅಂಗಡಿಸಾಲಿನ ಹಿಂದೆ ಎರಡು ಕೋಣೆಯ ಮನೆ. ಗೋಡೆಯಲ್ಲಿ ಒಂದು ಕಡೆ ತಲೆಯೆತ್ತರಕ್ಕೆ ಹಳೆಯ ಹಾಸಿಗೆಯನ್ನು ಮೊಳೆ ಹೊಡೆದು ಕೂರಿಸಿದ್ದರು. ಯಾಕೆಂದು ನನಗೆ ಕೇಳಬೇಕಾಗಲಿಲ್ಲ. ಮಗಳು ಒಳಗೆ ಹೋಗಿ ಕೋಣೆಯನ್ನೆಲ್ಲ ಒಂದು ಸುತ್ತು ಹಾಕಿ, ಅವರ ತಮ್ಮ ಕೂರುತ್ತಿದ್ದ ಮರದ ಕುರ್ಚಿಯಲ್ಲಿ ಕೂತಳು. ನಾನು ಎಬ್ಬಿಸಲು ಹೋದೆ. "ಇರ್ಲಿ ಬಿಡಿ" ಎಂದರು ಅವರು.

ಕಾಫಿ ಕುಡಿದೆವು. ಮಗಳು ಲೋಟವನ್ನು ಒಮ್ಮೆ ಎಸೆದಳು. ಅವರು ಒರೆಸಿ ಮತ್ತೊಂದು ಲೋಟ ತಂದಿಟ್ಟರು, ಏನೂ ಆಗಿಲ್ಲ ಎನ್ನುವ ಹಾಗೆ. ಎರಡು ಗಂಟೆ ಕೂತಿದ್ದೆವು, ಆಡಿದ್ದು ನಾಲ್ಕು ಮಾತು. ಹೊರಡುವಾಗ ಅವರು ಬಾಗಿಲಲ್ಲಿ ನಿಂತು, "ಇವಳನ್ನ ಕರ್ಕೊಂಡೇ ಬನ್ನಿ" ಎಂದರು. ನಾನು ಆಗಲಿ ಎಂದೆ. ಬಸ್ಸಿನಲ್ಲಿ ಜನ ತುಂಬಿತ್ತು. ಊರು ದಾಟುವಷ್ಟರಲ್ಲಿ ಮಗಳಿಗೆ ಗದ್ದಲ ಹೆಚ್ಚಾಗಿ ನನ್ನ ತೋಳಿಗೆ ಬಾಯಿ ಹಾಕಿದಳು. ಕೈ ಎಳೆದುಕೊಳ್ಳದೆ ಹಾಗೇ ಬಿಟ್ಟು, ಅವಳ ಬೆನ್ನು ನೀವುತ್ತಾ ಕೂತೆ. ಪಕ್ಕದ ಸೀಟಿನವರು ಎದ್ದು ಹಿಂದಕ್ಕೆ ಹೋದರು.